ಹಳ್ಳಿ ಚರ್ಚಿನ ಹಾಡಿಗೆ ಎಷ್ಟು ಮಾತ್ರೆ?

ಬೆಳಗಿನ ಗಂಟೆ ಹೊಡೆದ ಮೇಲೆ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಹೇಳುವ ಪ್ರಾರ್ಥನೆಗಳಲ್ಲಿ 'ಕರುಣಾಳು ಬಾ ಬೆಳಕೆ' ಒಂದು. ಅದನ್ನು ಒಮ್ಮೆಯೂ ಕೇಳದೆ ಕರ್ನಾಟಕದಲ್ಲಿ ಶಾಲೆ ಮುಗಿಸಿದವರು ಕಡಿಮೆ. ಅದರ ಮೂಲ ಇಂಗ್ಲೆಂಡಿನ ಚರ್ಚುಗಳಲ್ಲಿ ಹಾಡುವ ಒಂದು ಸ್ತುತಿಗೀತೆ ಎಂಬುದು ಹಾಡುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಹಾಡಿಸುವ ಮೇಷ್ಟರಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ. ಹಾಗೆ ಗೊತ್ತಾಗದಂತೆ ಕನ್ನಡವಾಗಿಬಿಟ್ಟಿರುವುದೇ ಆ ಅನುವಾದದ ಹೆಚ್ಚುಗಾರಿಕೆ.

ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ (1884–1946), ತಮ್ಮ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ. ಅವರ ಹೆಸರಿನ ಮೊದಲಿಗಿರುವ 'ಬಿ' ಬೆಳ್ಳೂರನ್ನು ಸೂಚಿಸುತ್ತದೆ. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಅದು. ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ, ಸಿಸಿಲಿ ದ್ವೀಪದಲ್ಲಿ ಜ್ವರ ಬಂದು ಸಾವಿನ ಅಂಚಿಗೆ ಹೋಗಿ ಚೇತರಿಸಿಕೊಂಡಿದ್ದ ಈ ತರುಣ ಪಾದ್ರಿ ಊರಿಗೆ ಮರಳಲು ಕಿತ್ತಳೆ ಹಣ್ಣು ಸಾಗಿಸುವ ಹಡಗು ಹತ್ತಿದರು. ಗಾಳಿ ಬೀಸದೆ ಹಡಗು ಬೊನಿಫಾಸಿಯೊ ಜಲಸಂಧಿಯಲ್ಲಿ ದಿನಗಟ್ಟಲೆ ನಿಂತುಬಿಟ್ಟಿತು. ಆಗ ಬರೆದ ಪದ್ಯ ಅದು. ಮುಂದೆ ಗಾಂಧೀಜಿಯವರಿಗೆ ಅಚ್ಚುಮೆಚ್ಚಿನದಾಯಿತು. ನ್ಯೂಮನ್ನರನ್ನು 2019ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಸಂತರೆಂದು ಘೋಷಿಸಿತು.

ಇಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಹೈಸ್ಕೂಲು ವಿದ್ಯಾರ್ಥಿಗಳು ಒಂದು ಪೆನ್ಸಿಲು ತೆಗೆದುಕೊಂಡು ಹಾಡಿನ ಹೆಸರಿಗೇ ಪ್ರಸ್ತಾರ ಹಾಕಿ ನೋಡಲಿ. 'ಕರುಣಾಳು': ಲಘು, ಲಘು, ಗುರು, ಲಘು, ಐದು ಮಾತ್ರೆ. 'ಬಾ ಬೆಳಕೆ': ಗುರು, ಲಘು, ಲಘು, ಲಘು, ಮತ್ತೆ ಐದು. ಲಲಿತ ರಗಳೆಯ ನಡೆ ಇದು, ವಾರ್ಧಕ ಷಟ್ಪದಿಯ ನಡೆಯೂ ಇದೇ. ಜೈಮಿನಿ ಭಾರತವನ್ನು ಓದಿ ಹೇಳಿಸಿ ಕೇಳಿದ ಊರುಗಳ ಕಿವಿಗೆ ಇದು ಹೊಸದಲ್ಲ. ಇಂಗ್ಲಿಷಿನಲ್ಲಿ ಸಾಲುಗಳ ಅಳತೆ ಪೂರ್ತಿ ಬೇರೆ. ಒಂದು ಉದ್ದ ಸಾಲು, ಅದರ ಹಿಂದೆ ನಾಲ್ಕೇ ಅಕ್ಷರದ ತುಂಡು ಸಾಲು. ಶ್ರೀಯವರು ಅರ್ಥವನ್ನು ತಂದರು, ಅಳತೆಗೋಲನ್ನು ಅಲ್ಲಿಯೇ ಬಿಟ್ಟು ಬಂದರು.

ಚರ್ಚಿಗೆ ಬಂದ ಬಹಳಷ್ಟು ಹಾಡುಗಳಿಗೆ ಈ ಭಾಗ್ಯ ಸಿಗಲಿಲ್ಲ. ಬೆಳ್ಳೂರಿನ ನೆರೆಯ ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ಕ್ರೈಸ್ತಧರ್ಮ ಬಂದದ್ದು ನೆನ್ನೆ ಮೊನ್ನೆಯಲ್ಲ. ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದ್ದು 17ನೆಯ ಶತಮಾನದ ನಡುವಿನಲ್ಲಿ. ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದವರು ಅವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರಾನ್ಸಿನ ಅಬ್ಬೆ ದುಬಾಯ್ ಬಂದರು, 1823ರವರೆಗೆ ಇದ್ದರು. ಗಂಜಾಂನಲ್ಲಿ ಅವರ ಹೆಸರು ಹೊತ್ತ ಹಳೆಯ ಚರ್ಚು ಇದೆ. ಪಾಂಡವಪುರಕ್ಕಂತೂ ಬಹುಕಾಲ 'ಫ್ರೆಂಚ್ ರಾಕ್ಸ್' ಎಂದೇ ಹೆಸರಿತ್ತು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳ ಬಿಡಾರ ಅಲ್ಲಿತ್ತು ಎಂಬುದೇ ಕಾರಣ. ಇಷ್ಟಾಗಿಯೂ ಮಂಡ್ಯ ಜಿಲ್ಲೆಯಲ್ಲಿ ಕ್ರೈಸ್ತರು 2011ರ ಜನಗಣತಿಯ ಪ್ರಕಾರ ಶೇಕಡ 1ಕ್ಕಿಂತ ಕಡಿಮೆ. ಚರ್ಚುಗಳೂ ಹೆಚ್ಚಾಗಿ ಸಣ್ಣವು. ದೊಡ್ಡ ಆರ್ಗನ್ ಇಲ್ಲ, ತರಬೇತಾದ ವಾದ್ಯವೃಂದ ಇಲ್ಲ. ಒಂದು ಹಾರ್ಮೋನಿಯಂ, ಒಂದು ತಬಲಾ ಅಥವಾ ಢೋಲಕ್ ಇದ್ದರೆ ಅದೇ ವೈಭವ. ಉಳಿದದ್ದೆಲ್ಲ ಕೂತವರ ಗಂಟಲು.

ಕ್ಯಾಥೊಲಿಕರ ಪೂಜೆ ಶತಮಾನಗಳ ಕಾಲ ಲ್ಯಾಟಿನ್ನಿನಲ್ಲೇ ನಡೆಯಿತು. ಜನ ತಮ್ಮ ಭಾಷೆಯಲ್ಲಿ ಬಾಯಿ ಬಿಡಲು ಜಪಸರ, ಶಿಲುಬೆ ಹಾದಿ, ಹಬ್ಬದ ಮೆರವಣಿಗೆಗಳೇ ಎಡೆ. ಪ್ರಾಟೆಸ್ಟೆಂಟರಲ್ಲಿ ಸಭೆಯೆಲ್ಲ ಕೂಡಿ ಹಾಡುವುದೇ ಆರಾಧನೆಯ ಮುಖ್ಯ ಭಾಗ. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಕಾಲದಲ್ಲಿ ಶುರುವಾದದ್ದು ಅದು. 1524ರಲ್ಲಿ ಎಂಟೇ ಎಂಟು ಹಾಡುಗಳ ಸಣ್ಣ ಪುಸ್ತಿಕೆಯೊಂದು ಅಚ್ಚಾಯಿತು. ಅಲ್ಲಿಂದ ಹೊರಟ ಸಂಪ್ರದಾಯವನ್ನು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಂದರು. ಹಳೆ ಮೈಸೂರಿನ ಕಡೆಗೆ ವೆಸ್ಲಿಯನ್ ಮಿಷನ್ನಿನವರು ತಂದರು. ವೆಸ್ಲಿಯನ್ನರಿಗೆ ಹಾಡೆಂದರೆ ಮನೆತನದ ಆಸ್ತಿ. ಚಾರ್ಲ್ಸ್ ವೆಸ್ಲಿ ಒಬ್ಬರೇ ಆರು ಸಾವಿರಕ್ಕೂ ಹೆಚ್ಚು ಸ್ತುತಿಗೀತೆ ಬರೆದವರು.

ಹಾಡು ಬಂತು, ಧಾಟಿಯೂ ಜತೆಗೇ ಬಂತು. ತೊಡಕು ಅಲ್ಲಿದೆ. ಇಂಗ್ಲಿಷ್, ಜರ್ಮನ್ ಪದ್ಯಗಳಿಗೆ ಒತ್ತು ಮುಖ್ಯ, ಕನ್ನಡ ಪದ್ಯಕ್ಕೆ ಕಾಲ ಮುಖ್ಯ. ಇಂಗ್ಲಿಷ್ ಸಾಲು ಎಷ್ಟೋ ಸಲ ಒತ್ತಿಲ್ಲದ ಅಕ್ಷರದಿಂದ ಮೆಲ್ಲಗೆ ಶುರುವಾಗಿ ಎರಡನೆಯದರ ಮೇಲೆ ಭಾರ ಹಾಕುತ್ತದೆ. ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಕಾಲೂರಿ ಹೊರಡುತ್ತದೆ. ಇದಕ್ಕಿಂತ ದೊಡ್ಡ ಪೇಚು ಹ್ರಸ್ವ ದೀರ್ಘದ್ದು. ವಿದೇಶಿ ಧಾಟಿಯಲ್ಲಿ ಎಲ್ಲಿ ಸ್ವರ ಉದ್ದವಿದೆಯೋ ಅಲ್ಲಿ ಕನ್ನಡದ ಲಘು ಬಂದು ಕೂತರೆ ಅದನ್ನು ಎಳೆಯಲೇಬೇಕು. ಎಳೆದರೆ 'ಕೊಡು' ಎಂಬುದು 'ಕೋಡು' ಆಗುತ್ತದೆ, 'ಬಿಡು' ಎಂಬುದು 'ಬೀಡು' ಆಗುತ್ತದೆ. ಕೃಪೆ ಕೊಡು ಎಂದು ಬೇಡಲು ನಿಂತವನು ದನದ ಕೋಡು ಬೇಡಿದಂತೆ ಕೇಳಿಸಿದರೆ, ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರೆ, ತಪ್ಪು ಹುಡುಗರದಲ್ಲ.

ಸಂಗೀತದಲ್ಲಿ ಲಘುವನ್ನು ಎಳೆಯುವುದೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು. ದಾಸರ ಪದಗಳಲ್ಲೂ ಉಂಟು. ಆದರೆ ಅಲ್ಲಿ ಎಳೆತ ಹೆಚ್ಚಾಗಿ ಪದದ ಕೊನೆಯಲ್ಲಿ, ಸಾಲಿನ ಕೊನೆಯಲ್ಲಿ ಬರುತ್ತದೆ. ಮಾತು ಕಿವಿಗೆ ಮುಟ್ಟಿದ ಮೇಲೆ ರಾಗ ತನ್ನ ದಾರಿ ಹಿಡಿಯುತ್ತದೆ.

ಮಿಷನರಿಗಳಿಗೆ ಇದು ತಿಳಿಯಲಿಲ್ಲ ಎಂದರೆ ಅನ್ಯಾಯವಾದೀತು. ತಿಳಿದವರೂ ಇದ್ದರು. ಹರಿದಾಸರ ಕೀರ್ತನೆಗಳನ್ನು ಕಲೆಹಾಕಿ ಕಲ್ಲಚ್ಚಿನಲ್ಲಿ 1850ರ ಸುಮಾರಿಗೆ ಹೊರತಂದವರು, 'ಮಂಗಳೂರ ಸಮಾಚಾರ'ದ ಹರ್ಮನ್ ಮೊಗ್ಲಿಂಗ್. ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1862ರಲ್ಲಿ ಅವರು ಪ್ರಕಟಿಸಿದ 'ಕಥಾಮಾಲೆ' ಯೇಸುವಿನ ಚರಿತ್ರೆಯನ್ನು ಇಲ್ಲಿಯದೇ ಛಂದಸ್ಸುಗಳಲ್ಲಿ ಹೇಳುತ್ತದೆ. ಆಗ ಅವರಿಗೆ ಮೂವತ್ತು ವರ್ಷ. ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಮುಂದೆ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಇಂದು ನಮ್ಮ ಮಕ್ಕಳು ಪರೀಕ್ಷೆಗೆಂದು ಉರು ಹೊಡೆಯುವ ಗಣ, ಪ್ರಾಸಗಳನ್ನು ಉತ್ತರ ಜರ್ಮನಿಯ ಪಾದ್ರಿಯೊಬ್ಬರು ಪ್ರೀತಿಯಿಂದ ಕೂತು ಕಲಿತದ್ದನ್ನು ನೆನೆದರೆ ಪಾಠ ಸ್ವಲ್ಪ ಹಗುರಾಗಬಹುದು.

ನೆರೆಯ ಭಾಷೆಗಳಲ್ಲಿ ಈ ಕೆಲಸವನ್ನು ಅಲ್ಲಿಯ ಕವಿಗಳೇ ಕೈಗೆತ್ತಿಕೊಂಡರು. ತಂಜಾವೂರಿನ ವೇದನಾಯಕಂ ಶಾಸ್ತ್ರಿಗಳು (1774–1864) ತಮಿಳಿನಲ್ಲಿ ಕರ್ನಾಟಕ ಸಂಗೀತದ ರಾಗ ತಾಳಗಳಲ್ಲಿ ಕ್ರೈಸ್ತ ಕೀರ್ತನೆಗಳನ್ನು ಕಟ್ಟಿದರು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕ್ (1861–1919) ತುಕಾರಾಮನ ಅಭಂಗದ ದಾರಿಯಲ್ಲೇ ಯೇಸುವನ್ನು ಹಾಡಿದರು. ಕನ್ನಡದಲ್ಲಿ ಅಷ್ಟು ದೊಡ್ಡ ಒಂದು ಹೆಸರು ನಿಲ್ಲಲಿಲ್ಲ. ಇಲ್ಲಿ ಆ ಕೆಲಸ ಹಂಚಿಹೋಯಿತು. ಊರೂರಿನ ಉಪದೇಶಿಗಳು, ಮಿಷನ್ ಶಾಲೆಯ ಮೇಷ್ಟರುಗಳು, ಸಭಾಪಾಲಕರು, ಎಲ್ಲೋ ಒಬ್ಬ ಓದು ಬಲ್ಲ ರೈತ ಹಬ್ಬಕ್ಕೊಂದು ಹಾಡು ಕಟ್ಟಿದರು. ಹೆಸರು ಹಾಕಿಕೊಳ್ಳುವ ರೂಢಿಯೂ ಇರಲಿಲ್ಲ.

ಕ್ಯಾಥೊಲಿಕರಲ್ಲಿ ಈ ಹಾಡುಗಳಿಗೆ ಒಮ್ಮೆಗೇ ಬೇಡಿಕೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. 1963ರ ಡಿಸೆಂಬರಿನಲ್ಲಿ ಆ ಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಬಲಿಪೂಜೆ ಕನ್ನಡಕ್ಕೆ ಬಂತು. ಪ್ರವೇಶಕ್ಕೊಂದು, ಕಾಣಿಕೆಗೊಂದು, ಪರಮಪ್ರಸಾದಕ್ಕೊಂದು ಎಂದು ಪ್ರತಿ ಭಾನುವಾರ ಹಾಡುಗಳು ಬೇಕಾದವು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ಎನ್.ಬಿ.ಸಿ.ಎಲ್.ಸಿ. ಕೇಂದ್ರ ಭಾರತೀಯ ಸಂಗೀತ, ಭಜನೆಯ ಶೈಲಿಗಳಿಗೆ ಒತ್ತಾಸೆ ಕೊಟ್ಟಿತು. ಹಳ್ಳಿಯ ಚರ್ಚಿಗೆ ಅಷ್ಟು ದೂರದ ಅಪ್ಪಣೆಯೇನೂ ಬೇಕಿರಲಿಲ್ಲವೆನ್ನಿ. ಧಾಟಿಗಳು ಸುತ್ತಲೇ ಇದ್ದವು.

ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಡಿಗೆ ಬರವೇ? ರಾಗಿ ಬೀಸುವ ಪದ, ಸೋಬಾನೆ, ಕೋಲಾಟದ ಪದ ಎಲ್ಲ ಇವೆ. ನಾಗಮಂಗಲದ ಕಡೆ ಮುಖವೀಣೆಯ ಜತೆ ರಾತ್ರಿಯಿಡೀ ನಡೆಯುವ ಮೂಡಲಪಾಯ ಇದೆ. ಅದನ್ನು ನಾಡಿಗೆ ಪರಿಚಯಿಸಿದ ಜೀ.ಶಂ. ಪರಮಶಿವಯ್ಯ ಅದೇ ತಾಲ್ಲೂಕಿನವರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಪು.ತಿ.ನ. 'ಗೋಕುಲ ನಿರ್ಗಮನ'ವನ್ನು ಹಾಡಲೆಂದೇ ಬರೆದರು. ಹೆಣ್ಣುಮಕ್ಕಳ ಪದಗಳಲ್ಲಿ 'ಸೊಲ್ಲು' ಎಂದು ಒಂದುಂಟು. ಒಬ್ಬಾಕೆ ಸಾಲು ಹೇಳುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ. ಅಕ್ಷರ ಬಾರದವರ ಸಭೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಪುಸ್ತಕ ಕೊಳ್ಳುವ ಖರ್ಚಿಲ್ಲ, ಓದಲು ಬಾರದೆಂಬ ನಾಚಿಕೆಯಿಲ್ಲ. ಎರಡನೆಯ ಸೊಲ್ಲಿಗೆ ಇಡೀ ಚರ್ಚು ಒಳಗೆ ಸೇರಿರುತ್ತದೆ. ವಿದೇಶದಲ್ಲೂ ಪುಸ್ತಕ ದುಬಾರಿಯಾಗಿದ್ದ ಕಾಲದಲ್ಲಿ ಒಬ್ಬರು ಸಾಲು ಹೇಳಿಕೊಟ್ಟು ಸಭೆ ಹಿಂದಿನಿಂದ ಹಾಡುವ ಕ್ರಮ ಇತ್ತು. ಅಲ್ಲಿ ಅದು ಅನಿವಾರ್ಯ, ಇಲ್ಲಿ ಅದು ಹಾಡುಗಾರಿಕೆಯ ಸ್ವಭಾವ.

ಸಿನಿಮಾ ಧಾಟಿಯ ವಿಷಯ ಬಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಜನಪ್ರಿಯ ಚಿತ್ರಗೀತೆಗೆ ದೇವರ ಮಾತು ಹೊಂದಿಸಿ ಕ್ರಿಸ್‌ಮಸ್ಸಿಗೆ ಹಾಡುವುದು ಹೊಸ ಚಾಳಿಯೇನಲ್ಲ. ಭಜನಾ ಮಂದಿರಗಳಲ್ಲೂ ಅದು ನಡೆಯುತ್ತದೆ. ಹಾಗೆ ನೋಡಿದರೆ ಯೂರೋಪಿನಲ್ಲಿ ಶುಭ ಶುಕ್ರವಾರದಂದು ಅತ್ಯಂತ ಭಕ್ತಿಯಿಂದ ಹಾಡುವ, ಬಾಖ್ ತನ್ನ ಮಹಾಕೃತಿಯಲ್ಲಿ ಮತ್ತೆ ಮತ್ತೆ ಬಳಸಿದ ಧಾಟಿ ಮೂಲತಃ ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯದು. ಪ್ರೇಮಗೀತೆಯನ್ನು ಜನ ಮರೆತರು, ಶೋಕಗೀತೆ ಉಳಿಯಿತು. ಸಿನಿಮಾ ಧಾಟಿಯಲ್ಲಿರುವ ಕೊರತೆ ಪಾಪದ್ದಲ್ಲ, ನೆನಪಿನದು. ಕಣ್ಣುಮುಚ್ಚಿ ಹಾಡುವವರ ಎದುರು ನಾಯಕ ನಾಯಕಿ ಬಂದು ನಿಲ್ಲುತ್ತಾರಲ್ಲ, ಅವರು ಹೊರಟುಹೋಗಲು ಒಂದು ತಲೆಮಾರು ಬೇಕು.

ಅನುವಾದದ ಹಾಡುಗಳನ್ನೆಲ್ಲ ಕಿತ್ತೊಗೆಯಬೇಕೆಂಬುದೂ ಸರಿಯಲ್ಲ. ಅಜ್ಜಿ ತೊಟ್ಟಿಲು ತೂಗುತ್ತ ಹೇಳಿದ್ದು, ತಾತನ ಮಣ್ಣಿನ ದಿನ ಹೇಳಿದ್ದು ಅವೇ ಹಾಡುಗಳು. ಮಾತು ಎಳೆದು ಹರಿದಿದ್ದರೂ ಅವುಗಳಿಗೆ ಮನೆಯ ಉಸಿರು ತಾಗಿದೆ. ನಗರದ ದೊಡ್ಡ ಚರ್ಚಿನಲ್ಲಿ ಆರ್ಗನ್ನಿನ ಜತೆ ನಾಲ್ಕು ಕಂಠಗಳಲ್ಲಿ ಅವನ್ನೇ ಹಾಡಿದಾಗ ಬರುವ ಗಾಂಭೀರ್ಯ ಬೇರೆ. ನಲವತ್ತು ಜನರ ಹಳ್ಳಿ ಸಭೆಯಲ್ಲಿ ಮಾತ್ರ ಅವು ಸೋತ ಎತ್ತಿನಂತೆ ಏದುಸಿರು ಬಿಡುತ್ತವೆ.

ಆತಂಕದ ಸಂಗತಿ ಇರುವುದು ಊರಿನಲ್ಲೇ ಹುಟ್ಟಿದ ಹಾಡುಗಳ ಪಾಡಿನಲ್ಲಿ. ಅವು ಇರುವುದು ರೂಲು ಹಾಕಿದ ನೋಟ್‌ಬುಕ್ಕುಗಳಲ್ಲಿ, ಹಳೆಯ ಡೈರಿಗಳಲ್ಲಿ. ಮೇಲ್ಭಾಗದಲ್ಲಿ 'ಧಾಟಿ' ಎಂದು ಬರೆದು ಇನ್ನೊಂದು ಹಾಡಿನ ಮೊದಲ ಎರಡು ಪದ ಕೊಟ್ಟಿರುತ್ತದೆ, ಅಷ್ಟೆ. ಸ್ವರಲಿಪಿ ಬರೆಯುವವರು ಯಾರಿದ್ದರು? ಈಗ ಮೊಬೈಲಿನಲ್ಲಿ, ಪರದೆಯ ಮೇಲೆ ಎಲ್ಲೆಲ್ಲಿಯದೋ ಧ್ವನಿಮುದ್ರಿತ ಹಾಡುಗಳು ಬರುತ್ತವೆ. ವಾದ್ಯದ ಅಬ್ಬರ ಚೆನ್ನಾಗಿರುತ್ತದೆ. ಮಕ್ಕಳು ಅವನ್ನು ಬೇಗ ಕಲಿಯುತ್ತಾರೆ, ಕಲಿಯಲಿ. ಆದರೆ ಊರಿನ ಹಾಡು ಗೊತ್ತಿದ್ದ ಕೊನೆಯ ಮುದುಕಿ ಹೋದ ದಿನ ನೋಟ್‌ಬುಕ್ಕಿನಲ್ಲಿ ಪದ್ಯ ಉಳಿದು ಹಾಡು ಹೋಗಿರುತ್ತದೆ. ಧಾಟಿಯ ಬೆಲೆ ಏನೆಂದು ನ್ಯೂಮನ್ನರಿಗೇ ಗೊತ್ತಿತ್ತು. ತಮ್ಮ ಪದ್ಯ ಜಗತ್ತಿನಲ್ಲೆಲ್ಲ ಹಬ್ಬಿದ್ದಕ್ಕೆ ಕಾರಣ ಪದ್ಯವಲ್ಲ, 1865ರಲ್ಲಿ ಜಾನ್ ಡೈಕ್ಸ್ ಅದಕ್ಕೆ ಕಟ್ಟಿದ ರಾಗ ಎಂದು ಅವರು ಹೇಳಿದರೆಂದು ಪ್ರತೀತಿ.

ಪ್ರಾಜೆಕ್ಟಿಗೆ ವಿಷಯ ಸಿಗದೆ ತಂದೆತಾಯಿಯ ತಲೆ ತಿನ್ನುವ ಮಕ್ಕಳಿಗೆ ಇಲ್ಲಿ ಕೆಲಸವಿದೆ. ಚರ್ಚಿಗೆ ಹೋಗುವ ಮಕ್ಕಳೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ಗೆಳೆಯನನ್ನು ಕರೆದುಕೊಂಡು ಹೋದರೂ ಆದೀತು. ಹಾಡನ್ನು ಮೊಬೈಲಿನಲ್ಲಿ ಹಿಡಿಯಬೇಕು. ಕಟ್ಟಿದವರು ಯಾರು, ಯಾವ ಹಬ್ಬಕ್ಕೆ ಕಟ್ಟಿದ್ದು, ಯಾವ ಧಾಟಿ, ಸೊಲ್ಲು ಯಾರು ಕೊಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಬೇಕು. ಆಮೇಲೆ ಮನೆಗೆ ಬಂದು ಪ್ರಸ್ತಾರ ಹಾಕಿ ನೋಡಬೇಕು. ಕೆಲವು ಸಾಲುಗಳಲ್ಲಿ ಮಾತ್ರೆ ಕೂಡುವುದಿಲ್ಲ. ಅಲ್ಲಿ ಹಾಡಿದವರು ಉಸಿರು ತೆಗೆದುಕೊಂಡಿದ್ದಾರೋ ಎಂದು ಧ್ವನಿಯನ್ನು ಮತ್ತೊಮ್ಮೆ ಕೇಳಿದರೆ ತಿಳಿಯುತ್ತದೆ. ಇಷ್ಟಕ್ಕೂ ಭಾನುವಾರ ಆರಾಧನೆ ಮುಗಿದು ಜನ ಹೊರಗೆ ಮರದ ನೆರಳಿನಲ್ಲಿ ಮಾತಾಡುತ್ತ ನಿಲ್ಲುವ ಅರ್ಧ ಗಂಟೆ ಸಾಕು.