ಪಾಳು ಮಠಕ್ಕಿಂತ ಈ ಗೋಡೆಯೇ ದೊಡ್ಡದು

ಹಳೆಯ ಕಟ್ಟಡವನ್ನು ಕಂಡೊಡನೆ ಗತವೈಭವ ನೆನೆದು ನಿಟ್ಟುಸಿರಿಡಬೇಕು ಎಂಬ ರೂಢಿಯನ್ನು ಗಟ್ಟಿ ಮಾಡಿದವರಲ್ಲಿ ಯುರೋಪಿನ ರೊಮ್ಯಾಂಟಿಕ್ ಚಿತ್ರಕಾರರ ಪಾಲು ದೊಡ್ಡದು. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಷ್ 1809–10ರಲ್ಲಿ ಬರೆದ ಪಾಳು ಮಠದ ತೈಲಚಿತ್ರವನ್ನೇ ನೋಡಿ. ಒಂದೂಮುಕ್ಕಾಲು ಮೀಟರಿನಷ್ಟು ಅಗಲದ ಕ್ಯಾನ್ವಾಸು, ಮುರಿದು ನಿಂತ ಗೋಥಿಕ್ ಗೋಡೆ, ಬೋಳು ಓಕ್ ಮರಗಳು, ಶವಪೆಟ್ಟಿಗೆ ಹೊತ್ತ ಸಂನ್ಯಾಸಿಗಳು. ಪ್ರಷ್ಯಾದ ದೊರೆಯೇ ಅದನ್ನು ಕೊಂಡ. ಅದರ ಕಸುಬುಗಾರಿಕೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿನ ಗೋಡೆ ಸಾವಿನ ಮಾತಾಡಿಸಲು ನಿಲ್ಲಿಸಿದ ರಂಗಸಜ್ಜಿಕೆ. ಈ ಗೋಡೆಗೆ ಮಾದರಿಯಾದ, ಬಾಲ್ಟಿಕ್ ಕರಾವಳಿಯ ಬಯಲಲ್ಲಿರುವ ಎಲ್ಡೆನಾ ಮಠವನ್ನು ಫ್ರೀಡ್ರಿಷ್ ಮುಂದೆ ಇನ್ನೊಂದು ಚಿತ್ರದಲ್ಲಿ ಸಲೀಸಾಗಿ ಬೆಟ್ಟಗಳ ನಡುವೆ ತಂದು ನಿಲ್ಲಿಸಿದ!

ರೊಮ್ಯಾಂಟಿಕ್ ಯುಗದ ಹೊಸ್ತಿಲಲ್ಲೇ, 1782ರ ಸುಮಾರಿಗೆ, ವೇಲ್ಸ್‌ನ ಥಾಮಸ್ ಜೋನ್ಸ್ ಬೇರೆ ದಾರಿ ತೋರಿಸಿದ್ದ. ನೇಪಲ್ಸ್‌ನಲ್ಲಿದ್ದಾಗ ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಅವನು ಬರೆದ ಗೋಡೆಯ ಚಿತ್ರ ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಳತೆ 11.4 × 16 ಸೆಂ.ಮೀ., ಅಂದರೆ ಪೋಸ್ಟ್‌ಕಾರ್ಡಿಗಿಂತ ಹೆಚ್ಚೇನಿಲ್ಲ. ಚೌಕಟ್ಟಿನ ಬಹುಪಾಲು ಗಾರೆ ಸವೆದ ಗೋಡೆಯೇ ತುಂಬಿಕೊಂಡಿದೆ. ಕಟ್ಟುವಾಗ ಸಾರುವೆ ಸಿಗಿಸಿದ್ದ ತೂತುಗಳು ಹಾಗೇ ಉಳಿದಿವೆ. ಪುಟ್ಟ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಒಣಗಲು ಹಾಕಿದೆ. ಅದರ ಕೆಳಗೆ, ವರ್ಷಗಟ್ಟಲೆ ಮೇಲಿಂದ ನೀರು ಚೆಲ್ಲಿ ಚೆಲ್ಲಿ ಮೂಡಿದ ಕರೆ. ಮೇಲ್ಗಡೆ ಒಂದು ಪಟ್ಟಿ ನೀಲಿ ಆಕಾಶ. ಒಬ್ಬ ಮನುಷ್ಯನೂ ಇಲ್ಲ, ಆದರೂ ಮನೆ ತುಂಬಿದೆ. ಫ್ರೀಡ್ರಿಷ್‌ನ ಗೋಡೆಗೆ ಕಾಲ ಬಂದದ್ದು ಇತಿಹಾಸದಿಂದ. ಈ ಗೋಡೆಗೆ ಕಾಲ ಬಂದದ್ದು ದಿನನಿತ್ಯದ ಬಳಕೆಯಿಂದ. ಕಟ್ಟಡಗಳು ಹಳತಾಗುವ ಬಗೆಗೆ ಹೆಚ್ಚು ನಿಷ್ಠವಾದದ್ದು ಎರಡನೆಯದೇ.

ಇದು ಬರೀ ಅಭ್ಯಾಸದ ತುಣುಕು, ಇದಕ್ಕಿಷ್ಟು ಆಡಂಬರವೇಕೆ ಎನ್ನುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ: ನಿಸರ್ಗಚಿತ್ರಕಾರ ರಿಚರ್ಡ್ ವಿಲ್ಸನ್‌ನ ಶಿಷ್ಯನಾದ ಜೋನ್ಸ್ ಹೆಸರಿಗಾಗಿ ನೆಚ್ಚಿದ್ದು ದೊಡ್ಡ ನಿಸರ್ಗಚಿತ್ರಗಳನ್ನು. 1803ರಲ್ಲಿ ಅವನು ತೀರಿಕೊಂಡ ಮೇಲೆ ಈ ಬಗೆಯ ಕೃತಿಗಳು ವಂಶಸ್ಥರ ಬಳಿಯೇ ಉಳಿದು, ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ಆದರೆ ಬಟ್ಟೆಯ ಬಿಳಿ, ಹಸಿರು, ನೀಲಿ ತುಣುಕುಗಳು ಗೋಡೆಯ ಮಂಕನ್ನು ತೂಗಿ ಹಿಡಿದಿರುವ ರೀತಿ ನೋಡಿದರೆ, ಇದು ಕೈಗೆ ಬಂದಂತೆ ಗೀಚಿದ್ದಲ್ಲ ಎಂಬುದು ಗೊತ್ತಾಗುತ್ತದೆ. ಕೊಳ್ಳುವ ದೊರೆಯ ಹಂಗಿಲ್ಲದ್ದೇ ಅವನ ಕಣ್ಣನ್ನು ಬಿಡುಗಡೆ ಮಾಡಿರಬೇಕು. ಬಡವರ ಮನೆಯ ಕೊಳೆಯನ್ನು ಚಂದಗಾಣಿಸುವುದು ಸರಿಯೇ ಎಂಬ ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರ. ಚಂದಗಾಣಿಸುವುದೆಂದರೆ ಕರೆಯನ್ನು ಮರೆಮಾಚುವುದು, ಇಲ್ಲವೇ ಹೊಂಬಿಸಿಲು ಸುರಿದು ಮೃದುವಾಗಿಸುವುದು. ಜೋನ್ಸ್ ಎರಡನ್ನೂ ಮಾಡಲಿಲ್ಲ, ಕನಿಕರವನ್ನೂ ಬೇಡಲಿಲ್ಲ. ಹಳೆಯ ಗೋಡೆಯನ್ನು ಬರೆಯುವ ವಿಷಯದಲ್ಲಿ ಫ್ರೀಡ್ರಿಷ್‌ಗಿಂತ ಅವನೇ ದೊಡ್ಡ ಚಿತ್ರಕಾರ.