ಬೀಗದ ಕೈ ಯಾರ ಹತ್ತಿರ?

"ಕ್ಯಾಮೆರಾ ಹಾಕ್ಸೇವಿ, ಕಂಪೌಂಡ್ ಎತ್ತರ ಮಾಡೇವಿ, ಗೇಟಿಗೆ ವಾಚ್‌ಮನ್ ಅದಾನ. ಇನ್ನ ಯಾತರ ಅಂಜಿಕಿರೀ?" ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್ ನಡೆಸುವವರೊಬ್ಬರ ಮಾತಿದು. ಹೀಗೆ ಹೇಳಲು ಅವರಿಗೆ ಕಾರಣವೂ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ, ಅಲ್ಲಿದ್ದ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಊರು ಮರೆತಿಲ್ಲ. ಆದರೆ ಆ ಕೋಲ್ಡ್ ಸ್ಟೋರೇಜಿನ ಕಂಪೌಂಡಿನ ಒಳಗೆ, ಮಳಿಗೆಯನ್ನು ತಣ್ಣಗಿಡುವ ಕೊಳವೆಗಳಲ್ಲಿ ಹರಿಯುವುದು ವಿಷಕಾರಿ ಅಮೋನಿಯಾ. ಅಂಜಿಕೆ ಹೊರಗಿನಿಂದಲೇ ಬರಬೇಕೆಂದು ಯಾರು ಹೇಳಿದರು?

ಕಳ್ಳನನ್ನು ತಡೆಯುವ ಲೆಕ್ಕವನ್ನು ಒಂದು ಪುಸ್ತಕದಲ್ಲಿ, ಬೆಂಕಿಯನ್ನು ತಡೆಯುವ ಲೆಕ್ಕವನ್ನು ಇನ್ನೊಂದರಲ್ಲಿ ಬರೆದರೆ ಎರಡೂ ತಪ್ಪುತ್ತವೆ. ನಮ್ಮ ಅಪಾಯಕಾರಿ ಕಾರ್ಖಾನೆಗಳಲ್ಲಿ ನಡೆದಿರುವುದು ಇದೇ. ಕಾವಲು ಒಬ್ಬ ಗುತ್ತಿಗೆದಾರನಿಗೆ, ಸುರಕ್ಷತೆ ಒಬ್ಬ ಅಧಿಕಾರಿಗೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ.

ಹಾವೇರಿ ತಾಲ್ಲೂಕಿನ ಆಲದಕಟ್ಟಿಯನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 29ರಂದು ಅಲ್ಲಿನ ಪಟಾಕಿ ಗೋದಾಮು ಹೊತ್ತಿ ಉರಿದು ಕೆಲಸಗಾರರು ಸುಟ್ಟು ಸತ್ತರು. ಗೇಟಿನ ವೆಲ್ಡಿಂಗ್ ನಡೆದಿತ್ತು, ಅದರ ಕಿಡಿ ಸಿಡಿದು ಬೆಂಕಿ ಹತ್ತಿತು ಎಂದು ಆಗ ವರದಿಯಾಯಿತು. ಗೇಟು ಇರುವುದು ಮಾಲು ಕಾಯಲಿಕ್ಕೆ. ಅದನ್ನು ಗಟ್ಟಿ ಮಾಡುವ ಕೆಲಸ ಮಾಲನ್ನೂ ಮನುಷ್ಯರನ್ನೂ ಒಟ್ಟಿಗೆ ಸುಟ್ಟಿತು. ಕಿಡಿ ಹಾರುವ ಕೆಲಸಕ್ಕೆ ಮೊದಲು ಬರಹದಲ್ಲಿ ಪರವಾನಗಿ, ಸುತ್ತಲಿನ ಸರಕು ತೆರವು, ಪಕ್ಕದಲ್ಲಿ ನೀರು, ಒಬ್ಬ ಕಾವಲಿನವ: ದೊಡ್ಡ ಕಾರ್ಖಾನೆಗಳಲ್ಲಿ ಇದು ಹಳೆಯ ಕ್ರಮ. ಗೇಟಿನ ರಿಪೇರಿಗೂ ಇದು ಅನ್ವಯಿಸುತ್ತದೆಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಗೇಟು ಇನ್ನೊಂದು ಪುಸ್ತಕದ್ದು. ನಲವತ್ತು ದಿನವೂ ಕಳೆದಿರಲಿಲ್ಲ, ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಮತ್ತೆ ಅದೇ ಬೆಂಕಿ, ಮತ್ತೆ ಹೆಣಗಳು.

ಕ್ಯಾಮೆರಾದ ಮಾತೂ ಹಾಗೆಯೇ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಮರದ ತಿರುಳಿನಿಂದ ವಿಸ್ಕೋಸ್ ನಾರು ತಯಾರಾಗುತ್ತದೆ. ವಿಸ್ಕೋಸ್ ಮಾಡಲು ಬೇಕಾದ ಕಾರ್ಬನ್ ಡೈಸಲ್ಫೈಡ್ ಎಂಥ ದ್ರವವೆಂದರೆ, ಕಿಡಿಯೂ ಬೇಡ, ಸುಮಾರು 90 ಡಿಗ್ರಿ ಬಿಸಿಯಾದ ಉಗಿ ಕೊಳವೆ ತಗುಲಿದರೂ ಅದರ ಆವಿ ಹೊತ್ತಿಕೊಳ್ಳಬಲ್ಲದು. ಅದಕ್ಕೇ ಅದನ್ನು ನೀರಿನ ಪದರದಡಿ ಇಡುವ ರೂಢಿ. ಮೆಣಸಿನಕಾಯಿಯಿಂದ ಬಣ್ಣ ಮತ್ತು ಖಾರದ ಸಾರ ತೆಗೆಯುವ ಘಟಕಗಳಲ್ಲಿ ಬಳಸುವ ಹೆಕ್ಸೇನಿನ ಆವಿಯಂತೂ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಇಂಥ ಜಾಗದಲ್ಲಿ ಪೇಟೆಯ ಅಂಗಡಿಯಿಂದ ತಂದ ಕ್ಯಾಮೆರಾ, ಅದರ ವೈರು, ಕಾವಲಿನವನ ಜೇಬಿನ ಮೊಬೈಲು, ಕೈಯ ವಾಕಿಟಾಕಿ ಎಲ್ಲವೂ ಬೆಂಕಿಯ ಮೂಲಗಳೇ. ಅಲ್ಲಿ ಬೇಕಾದದ್ದು ಒಳಗಿನ ಕಿಡಿ ಹೊರಗಿನ ಆವಿಗೆ ತಗುಲದ ಫ್ಲೇಮ್‌ಪ್ರೂಫ್ ಸಾಧನ. ಕ್ಯಾಮೆರಾ ಖರೀದಿಸುವ ಇಲಾಖೆ ಸುರಕ್ಷತಾ ಅಧಿಕಾರಿಯನ್ನು ಕೇಳಿ ಖರೀದಿಸುತ್ತದೆಯೇ?

ಬಾಗಿಲಿನ ವಿಷಯದಲ್ಲಿ ನನ್ನ ನಿಲುವು ಕಠಿಣ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಬಲ್ದಿಯಾ ಟೌನಿನ ಬಟ್ಟೆ ಕಾರ್ಖಾನೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಮೊದಲು ಅದನ್ನು ಅವಘಡವೆಂದರು. ಎಂಟು ವರ್ಷದ ನಂತರ ನ್ಯಾಯಾಲಯ ಅದು ಹಫ್ತಾ ಕೊಡದಿದ್ದಕ್ಕೆ ಹಚ್ಚಿದ ಬೆಂಕಿ ಎಂದು ತೀರ್ಪಿತ್ತಿತು. ಹಾಗಾದರೆ ಇದು ಭದ್ರತೆಯ ಸೋಲು ತಾನೇ? ಹೌದು. ಆದರೆ ಹಚ್ಚಿದ ಬೆಂಕಿಯ ಜೊತೆಗೆ, ಹೊರಹೋಗುವ ಬಾಗಿಲಿಗೆ ಹಾಕಿದ ಬೀಗವೂ ಜನರನ್ನು ಕೊಂದಿತು. ಬೆಂಕಿ ಹಚ್ಚಿದವನು ದುಷ್ಟ, ಬೀಗ ಹಾಕಿದವನು ಮಿತವ್ಯಯಿ. ಇಬ್ಬರೂ ಸೇರಿದಾಗಲೇ ಸಾವಿನ ಸಂಖ್ಯೆ ಅಷ್ಟಾಯಿತು. ಒಂದು ಶರ್ಟು ಕಳುವಾದೀತೆಂದು ನೂರು ಜನರನ್ನು ಒಳಗೆ ಕೂಡಿಹಾಕುವುದು ಕಾವಲಲ್ಲ, ಜಿಪುಣತನ. ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದೊಡನೆ ಗಂಟೆ ಬಾರಿಸುವ ಬಾಗಿಲು ಸಿಗುತ್ತದೆ. ಅದರಲ್ಲಿ ಕಳ್ಳನೂ ಗೊತ್ತಾಗುತ್ತಾನೆ, ಜನರೂ ಉಳಿಯುತ್ತಾರೆ.

ಬ್ಯಾಡಗಿಯಲ್ಲಿ ಗಲಾಟೆಯಾದ ಆ ಮಾರ್ಚಿನ ಸೋಮವಾರಕ್ಕೆ ಮರಳೋಣ. ಬೆಂಕಿ ಆರಿಸುವ ಅಗ್ನಿಶಾಮಕ ವಾಹನಕ್ಕೂ ಅಂದು ಬೆಂಕಿ ಬಿತ್ತು. ಸುರಕ್ಷತೆಯ ಪುಸ್ತಕದಲ್ಲಿ ಫೋನು ಮಾಡಿದರೆ ಅಗ್ನಿಶಾಮಕದವರು ಬಂದೇ ಬರುತ್ತಾರೆ. ದಾರಿಯಲ್ಲಿ ಯಾರೋ ಅವರನ್ನು ತಡೆದಾರೆಂಬ ಪುಟವೇ ಅದರಲ್ಲಿಲ್ಲ. ಕಾವಲಿನ ಪುಸ್ತಕದಲ್ಲೋ ಗಲಾಟೆಯಿದೆ, ಆದರೆ ಗಲಾಟೆಯ ಆಚೆ ಅಮೋನಿಯಾದ ಟ್ಯಾಂಕಿದೆ ಎಂಬುದಿಲ್ಲ. ಕಲ್ಲು ಬಿದ್ದ ಜಾಗದಲ್ಲಿ ಒಂದು ವಾಲ್ವ್ ಇದ್ದಿದ್ದರೆ? ಆ ರೈತರ ಸಿಟ್ಟಿಗೆ ನ್ಯಾಯವಿತ್ತೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಗ್ಯಾಸು ಅದನ್ನು ಕೇಳುವುದಿಲ್ಲ, ದರ ಕೂಗುವವನನ್ನೂ ಚೀಲ ಹೊರುವ ಹಮಾಲನನ್ನೂ ಒಂದೇ ಸಮ ಹಿಡಿಯುತ್ತದೆ.

ಈ ಎರಡು ಪುಸ್ತಕಗಳ ನಡುವೆ ನಿಂತವನು ವಾಚ್‌ಮನ್. ಅವನ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ರಾತ್ರಿ ಎರಡಕ್ಕೆ ಆವರಣದಲ್ಲಿ ಎಚ್ಚರ ಇರಬೇಕಾದವನು ಅವನು. ಅಮೋನಿಯಾದ ಘಾಟು ಮೊದಲು ಬಡಿಯುವುದು ಅವನ ಮೂಗಿಗೆ. ಎಲ್ಲ ಬೀಗದ ಕೈಗಳೂ ಅವನ ಸೊಂಟದಲ್ಲಿವೆ. ಆದರೆ ಅವನು ಏಜೆನ್ಸಿಯ ಆಳು, ತಿಂಗಳಿಗೊಂದು ಕಡೆ ಬದಲಾಗುವವ. ಕೊಳವೆಯಲ್ಲಿ ಏನಿದೆಯೆಂದು ಅವನಿಗೆ ಹೇಳಿದವರಿಲ್ಲ. ಕೊಟ್ಟಿರುವುದು ಒಂದು ಲಾಠಿ, ಒಂದು ಸೀಟಿ, ಬಂದವರ ಹೆಸರು ಬರೆಯುವ ರಿಜಿಸ್ಟರು. ಅವನಿಗೆ ಗೊತ್ತಿರಬೇಕಾದದ್ದು ಹೆಚ್ಚೇನಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ನೋಡಿ ಅದಕ್ಕೆ ಅಡ್ಡವಾಗಿ, ಇಲ್ಲವೇ ಎದುರಾಗಿ ಓಡಬೇಕು, ಗಾಳಿಯ ಜೊತೆ ಓಡಬಾರದು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಬೇಕು. ಹಬ್ಬಿದ ಆವಿಯ ಮೇಲೆ ನೀರು ಚಿಮುಕಿಸಬಹುದು, ನೆಲದ ಮೇಲೆ ನಿಂತ ದ್ರವ ಅಮೋನಿಯಾಕ್ಕೆ ನೀರು ಸುರಿಯಬಾರದು, ಸುರಿದರೆ ಅದು ಇನ್ನೂ ಜೋರಾಗಿ ಆವಿಯಾಗುತ್ತದೆ. ಯಾವ ಗೇಟು ಮೊದಲು ತೆಗೆಯಬೇಕು, ಯಾರನ್ನು ಮೊದಲು ಎಬ್ಬಿಸಬೇಕು ಎಂಬುದು ಬಾಯಿಗೆ ಬರಬೇಕು. ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ವಿದ್ಯೆ. ಅದನ್ನು ಕಲಿಸದೆ ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ಹಾಕಿಸುವುದರ ಅರ್ಥ, ಸಾವಿನ ಚಿತ್ರೀಕರಣ ಮಾಡಿಸುವುದಷ್ಟೇ.

"ಹಣೆಬರಹದಾಗ ಇದ್ದಂಗ ಆಗ್ತೈತಿ" ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ. ಅವರು ತಮ್ಮ ತಿಜೋರಿಗೂ ಬೀಗ ಹಾಕಬಾರದು.

ಆದರೆ ಒಂದು ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ. ಎರಡನ್ನೂ ಒಂದೆಡೆ ತಂದರೆ ಕಾವಲು ಸುರಕ್ಷತೆಯನ್ನು ನುಂಗುತ್ತದೆ ಎಂಬುದು ಅದು. ಅವಘಡಕ್ಕೆ ಉದ್ದೇಶವಿಲ್ಲ, ಶತ್ರುವಿಗಿದೆ. ಕಾವಲಿಗೆ ಮುಚ್ಚುಮರೆ ಬೇಕು, ಸುರಕ್ಷತೆಗೆ ಬಯಲು. ಕಾರ್ಖಾನೆ ಕಾಯಿದೆಗೆ 1987ರಲ್ಲಿ ಸೇರಿದ 41ಬಿ ಕಲಮು, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕೆಂದು ವಿಧಿಸಿತು. ಭೋಪಾಲ್ ಕಲಿಸಿದ ಪಾಠ ಅದು. "ಭದ್ರತೆಯ ಕಾರಣಕ್ಕೆ ಹೇಳಲಾಗದು" ಎಂಬ ಒಂದು ವಾಕ್ಯ ಆ ಹಕ್ಕನ್ನು ಮುಗಿಸಿಬಿಡಬಹುದು. ಭೋಪಾಲಿನಲ್ಲೇ ಇದರ ಮಾದರಿಯಿದೆ: 1984ರ ಡಿಸೆಂಬರಿನ ಆ ರಾತ್ರಿಯ ವಿಷಾನಿಲ ಸೋರಿಕೆಗೆ ಅತೃಪ್ತ ಕಾರ್ಮಿಕನೊಬ್ಬನ ವಿಧ್ವಂಸಕ ಕೃತ್ಯ ಕಾರಣ ಎಂದು ಕಂಪನಿ ವಾದಿಸಿತು. ಇರಲಿ, ಹಾಗೆಯೇ ಆಯಿತೆಂದು ಒಪ್ಪೋಣ. ಟ್ಯಾಂಕ್ ತಣ್ಣಗಿಡುವ ಶೈತ್ಯ ಘಟಕವನ್ನು ನಿಲ್ಲಿಸಿದವರು ಯಾರು? ಅನಿಲ ಸುಡುವ ಫ್ಲೇರಿನ ಕೊಳವೆ ಬಿಚ್ಚಿಟ್ಟವರು ಯಾರು? ಶತ್ರುವಿನ ಹೆಸರು ಹೇಳಿ ತನ್ನ ನಿರ್ಲಕ್ಷ್ಯವನ್ನು ಮುಚ್ಚುವುದು ಹಳೆಯ ಉಪಾಯ.

ಆದ್ದರಿಂದ ನಾನು ಕೇಳುತ್ತಿರುವುದು ಒಂದೇ ಮೇಜು, ಒಬ್ಬನೇ ಯಜಮಾನನಲ್ಲ. ಕಾವಲಿನವರೂ ಸುರಕ್ಷತೆಯವರೂ ಒಟ್ಟಿಗೆ ಕೂಡಬೇಕು, ಜಗಳ ಬಂದಾಗ ಹೊರಹೋಗುವ ದಾರಿ ಗೆಲ್ಲಬೇಕು. ಕೂಡದಿದ್ದರೆ ಏನಾದೀತೆಂಬುದಕ್ಕೆ 2017ರ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವನ್ನು ನೋಡಬೇಕು. ಅಪಾಯ ಬಂದಾಗ ಯಂತ್ರಗಳನ್ನು ತಾನೇ ನಿಲ್ಲಿಸುವ ಸುರಕ್ಷತಾ ಕಂಟ್ರೋಲರಿನೊಳಗೇ ಟ್ರೈಟನ್ ಎಂಬ ದುಷ್ಟ ಸಾಫ್ಟ್‌ವೇರ್ ನುಗ್ಗಿತ್ತು. ಆ ಕಂಟ್ರೋಲರಿಗೆ ನಿಜವಾದ, ಕೈಯಲ್ಲಿ ತಿರುಗಿಸುವ ಕೀಲಿಯೊಂದಿದೆ. ಅದನ್ನು ಓಡುವ ಸ್ಥಿತಿಯಲ್ಲಿಡದೆ ಪ್ರೋಗ್ರಾಂ ಬದಲಿಸುವ ಸ್ಥಿತಿಯಲ್ಲೇ ಬಿಟ್ಟಿದ್ದರು. ಘಟಕ ತಾನಾಗಿ ಸ್ಥಗಿತಗೊಂಡಿದ್ದರಿಂದ ವಿಷಯ ಬೆಳಕಿಗೆ ಬಂತು.

ಮೇಜು ಹೊಸದಾಗಿ ಮಾಡಿಸಬೇಕಿಲ್ಲ. 1996ರ ರಾಸಾಯನಿಕ ಅವಘಡ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ಸಮಿತಿ ಇರಬೇಕು. ಅದರಲ್ಲಿ ಕಾರ್ಖಾನೆ ಇಲಾಖೆಯವರೂ ಪೊಲೀಸರೂ ಅಗ್ನಿಶಾಮಕದವರೂ ಒಟ್ಟಿಗೆ ಕೂಡುತ್ತಾರೆ. ಕೊರತೆ ಇರುವುದು ಎರಡು ಕಡೆ. ನಿಯಮದ ಮಿತಿಗಿಂತ ಕಡಿಮೆ ಅಮೋನಿಯಾ ಇಟ್ಟ ಸಣ್ಣ ಕೋಲ್ಡ್ ಸ್ಟೋರೇಜ್ ಆ ಮೇಜಿನವರೆಗೆ ಬರುವುದಿಲ್ಲ. ಬಂದವರ ಅಣಕು ಪ್ರದರ್ಶನವೂ ಹಗಲು ಹನ್ನೊಂದಕ್ಕೆ, ಮೊದಲೇ ತಿಳಿಸಿ, ಗೇಟುಗಳನ್ನೆಲ್ಲ ತೆರೆದಿಟ್ಟು, ಫೋಟೋದವರನ್ನು ಕರೆಸಿ ನಡೆಯುತ್ತದೆ. ಮುಂದಿನದನ್ನು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಸುಗ್ಗಿಯ ರಾತ್ರಿಯೊಂದು, ಗೇಟಿಗೆ ಬೀಗ ಹಾಕಿ, ಹೊರಗೆ ನೂರು ಜನರನ್ನು ಕೂಗಾಡಲು ನಿಲ್ಲಿಸಿ ಮಾಡಿಸಲಿ. ಬೀಗದ ಕೈ ಇರುವವನು ಆ ಹೊತ್ತಿಗೆ ಎಲ್ಲಿದ್ದ, ಏನು ಮಾಡಿದ ಎಂಬುದನ್ನು ವರದಿಯ ಮೊದಲ ಪುಟದಲ್ಲಿ ಬರೆಯಲಿ.