ಶಾಲಾ ವಾರ್ಷಿಕ ಸಂಚಿಕೆ ಯಾರದ್ದು?

ವರ್ಷಕ್ಕೊಮ್ಮೆ ನಮ್ಮ ಗಡಿನಾಡಿನ ಶಾಲೆಗಳಲ್ಲಿ ಸ್ಮರಣ ಸಂಚಿಕೆಯ ಗಡಿಬಿಡಿ ಶುರುವಾಗುತ್ತದೆ. ತಯಾರಾದ ಮೇಲೆ ನೋಡಿದರೆ ಮೊದಲ ಹತ್ತು ಪುಟ ದೊಡ್ಡವರ ಶುಭಾಶಯ, ಆಮೇಲೆ ಜಾಹೀರಾತು, ವರದಿ, ಮಲಯಾಳ ವಿಭಾಗ. ಕಟ್ಟಕಡೆಗೆ 'ಕನ್ನಡ ವಿಭಾಗ' ಎಂದು ನಾಲ್ಕಾರು ಪುಟ. ಅದರಲ್ಲೂ ಅರ್ಧ ಟೀಚರುಗಳು ಬರೆದು ಮಕ್ಕಳ ಹೆಸರು ಹಾಕಿದ್ದು!

ಬೇರೆಯವರನ್ನು ಯಾಕೆ ದೂರಲಿ, ನಾನೂ ಹಾಗೇ ಮಾಡಿದವನು. ಏಳನೇ ತರಗತಿಯ ಹುಡುಗನೊಬ್ಬ ಮನೆಯ ಹಿಂದಿನ ಸುರಂಗದ ಬಗ್ಗೆ ಬರೆದುಕೊಟ್ಟಿದ್ದ. ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಅಜ್ಜ ಕೊರೆದದ್ದು, ಒಳಗೆ ದೀಪ ಹಿಡಿದು ಹೋದದ್ದು, ಹೆಡಿಗೆಯಲ್ಲಿ ಮಣ್ಣು ಹೊತ್ತದ್ದು, ಒಸರು ಸಿಕ್ಕಿದ ದಿನ ಅಜ್ಜಿ ಪಾಯಸ ಮಾಡಿದ್ದು ಎಲ್ಲವೂ ಇತ್ತು. ನಾನು ಕೆಂಪು ಪೆನ್ನು ಹಿಡಿದು ಹೆಡಿಗೆಯನ್ನು ಬುಟ್ಟಿ ಮಾಡಿದೆ, ಒಸರನ್ನು ಜಲದ ಸೆಲೆ ಮಾಡಿದೆ. ಕೊನೆಗೆ 'ನೀರು ಅಮೂಲ್ಯ' ಎಂಬ ಉಪದೇಶ ಸೇರಿಸಿದೆ. ಅಚ್ಚಾಗಿ ಬಂದಾಗ ಹುಡುಗ ಓದಿ, "ಸರ್, ಇದು ನಾನು ಬರೆದದ್ದಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆಮೇಲೆ ಆತ ನನಗೆ ಏನನ್ನೂ ಬರೆದು ಕೊಡಲಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಸಂಚಿಕೆಯನ್ನು ಮಕ್ಕಳೇ ಮಾಡಬೇಕು. ನಮ್ಮ ಕೆಲಸ ದಾರಿ ತೋರಿಸುವುದು ಮಾತ್ರ.

ಮೊದಲು ತಂಡ. ಫಸ್ಟ್ ಬರುವವಳೇ ಸಂಪಾದಕಿ ಆಗಬೇಕೆಂದಿಲ್ಲ. ಎಲ್ಲರ ಹತ್ತಿರ ಮಾತಾಡಿ ಬರಹ ವಸೂಲು ಮಾಡುವ ಮಕ್ಕಳು ಬೇಕು. ತರಗತಿಗೊಬ್ಬ ಸಂಗ್ರಾಹಕ, ಚಿತ್ರಕ್ಕೆ ಇಬ್ಬರು, ಟೈಪಿಂಗಿಗೆ ಇಬ್ಬರು, ಪ್ರೂಫ್ ನೋಡಲು ಇಬ್ಬರು, ಜಾಹೀರಾತಿನ ಲೆಕ್ಕಕ್ಕೆ ಒಬ್ಬ.

ಆಮೇಲೆ ಪುಟಗಳು. ಬರಹ ಬಂದ ಮೇಲೆ ಪುಟ ಹಂಚುವುದಲ್ಲ, ಮೊದಲೇ ಹಂಚಬೇಕು. ಪ್ರೆಸ್ಸಿನವರು 16 ಪುಟಕ್ಕೆ ಒಂದು ಫಾರಂ ಎಂದು ಲೆಕ್ಕ ಹಾಕಿದರೆ ನಾಲ್ಕು ಫಾರಮಿಗೆ 64 ಪುಟ. ಕರಿಹಲಗೆಯಲ್ಲಿ 64 ಚೌಕ ಎಳೆದು ಮಕ್ಕಳನ್ನೇ ತುಂಬಿಸಲು ಹೇಳಿ. ನನ್ನ ಲೆಕ್ಕ ಹೀಗೆ: ಶುಭಾಶಯ 2, ಸಂಪಾದಕೀಯ ಮತ್ತು ವಿಷಯಸೂಚಿ 2, ವರದಿ 6, ಫೋಟೋ 6, ಜಾಹೀರಾತು 8. ಉಳಿದ 40 ಮಕ್ಕಳ ಬರಹ ಮತ್ತು ಚಿತ್ರಗಳಿಗೆ. ಶುಭಾಶಯ ಹೆಚ್ಚಾದರೆ ಯಾವ ಮಗುವಿನ ಪುಟ ಹೋಗುತ್ತದೆ ಎಂದು ಆಗ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ಕನ್ನಡ, ಮಲಯಾಳ ಎಂದು ಗೋಡೆ ಕಟ್ಟಬೇಡಿ. ಪುಟಗಳು ಬೆರೆತಿರಲಿ. ಕನ್ನಡದ ಮಕ್ಕಳು ಕಡಿಮೆ, ಅವರಿಗೆ ಅಷ್ಟು ಪುಟ ಯಾಕೆ ಎಂದು ಕೇಳುವವರಿದ್ದಾರೆ. ಪುಟ ಕಡಿಮೆ ಇರಲಿ ಸ್ವಾಮಿ, ಬಾಲಂಗೋಚಿ ಆಗುವುದು ಬೇಡ! 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ನಾವು ಕೇಳುತ್ತಿರುವುದೂ ಇಷ್ಟೇ. ಕೊನೆಯ ಪುಟದಲ್ಲಿ ಮಾತ್ರ ತನ್ನ ಭಾಷೆ ಕಾಣುವ ಮಗು ತನ್ನ ಜಾಗ ಅದೇ ಎಂದು ಕಲಿಯುತ್ತದೆ.

ಪ್ರೂಫ್ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ನಾವು ಯೂನಿಕೋಡಿನಲ್ಲಿ ಟೈಪ್ ಮಾಡಿಕೊಟ್ಟದ್ದು ಪ್ರೆಸ್ಸಿನ ಹಳೆಯ ಪೇಜ್‌ಮೇಕರಿಗೆ ಹೋಗುವಾಗ ಒತ್ತಕ್ಷರಗಳು ಎಲ್ಲೆಲ್ಲೋ ಕೂರುತ್ತವೆ. ಅಕ್ಷರ ಜೋಡಿಸುವವರಿಗೆ ಕನ್ನಡ ಬಾರದಿದ್ದರೆ ಕೇಳುವುದೇ ಬೇಡ. ಎರಡು ಸಲ ಪ್ರೂಫ್ ನೋಡದೆ ಅಚ್ಚಿಗೆ ಬಿಡಬೇಡಿ. ಮಾರ್ಚಿನಲ್ಲಿ ಪರೀಕ್ಷೆ. ಹಾಗಾಗಿ ಕ್ರಿಸ್‌ಮಸ್ ರಜೆಯ ಮೊದಲೇ ಎಲ್ಲ ಪ್ರೆಸ್ಸಿಗೆ ಹೋಗಿರಬೇಕು.

ಕಾಗುಣಿತ ತಿದ್ದೋಣ, ಮಗುವಿನ ಮಾತನ್ನು ತಿದ್ದುವುದು ಬೇಡ. ತುಳು, ಕೊಂಕಣಿ, ಹವ್ಯಕ, ಮರಾಠಿ ಮನೆಗಳಿಂದ ಬರುವ ನಮ್ಮ ಮಕ್ಕಳ ಕನ್ನಡಕ್ಕೆ ಅದರದ್ದೇ ರುಚಿ ಇದೆ. ಅವರಲ್ಲಿ ಹೆಚ್ಚಿನವರಿಗೆ ತಮ್ಮ ಕನ್ನಡ ಅಚ್ಚಾಗಿ ನೋಡಲು ಸಿಗುವುದು ಜೀವಮಾನದಲ್ಲಿ ಇದೊಂದೇ ಸಲ ಇರಬಹುದು.

ಆ ಹುಡುಗ ಬರೆದ ಮೂಲ ಹಾಳೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅದರಲ್ಲಿ ಹೆಡಿಗೆ ಹೆಡಿಗೆಯಾಗಿಯೇ ಇದೆ. ನಿಮ್ಮ ಶಾಲೆಯಲ್ಲಿ ಹೇಗೆ? ನೀವೇನಂತೀರಿ?